ಲಾಕರಿನಲ್ಲಿ ಉಳಿದ ಅಕ್ಕ

ಕುಸನೂರ ರಸ್ತೆ, ಕಲಬುರಗಿ
೧೧ ಫೆಬ್ರುವರಿ ೨೦೨೫

ಕಮಲಾಪುರದ ಅವ್ವನಿಗೆ,

ನಿಮ್ಮ ರಾಜೇಶ್ರೀಯ ನಮಸ್ಕಾರಗಳು. ನಾವಿಬ್ಬರೂ ಗೋವಾದಿಂದ ಕ್ಷೇಮವಾಗಿ ಬಂದು ಮುಟ್ಟಿದ್ದೇವೆ. ಅಪ್ಪನಿಗೆ ಗೋಡಂಬಿ ತಂದಿದ್ದೇನೆ. ನಿಮಗೇನು ತಂದಿದ್ದೇನೆ ಎಂದು ಈಗಲೇ ಹೇಳುವುದಿಲ್ಲ.

ಫೋನಿನಲ್ಲೇ ಎಲ್ಲ ಹೇಳಬಹುದಿತ್ತು. ಆದರೆ ನೀವು ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲೆ ಇಡುತ್ತೀರಿ, ಅರ್ಧ ಓಣಿ ಕೂತು ಕೇಳುತ್ತದೆ. ಈ ಮಾತು ಓಣಿಗಲ್ಲ, ನಿಮಗೊಬ್ಬರಿಗೆ. ಮೊದಲೇ ಹೇಳಿಬಿಡುತ್ತೇನೆ, ತಡ ಮಾಡಿದರೆ ಧೈರ್ಯ ಸಾಲುವುದಿಲ್ಲ. ನನ್ನ ಕೊರಳಲ್ಲಿದ್ದ ಜಗದೇವಿ ಅಕ್ಕನ ಮೂರ್ತಿಯನ್ನು ರೆಸಾರ್ಟಿನ ಕೋಣೆಯಲ್ಲೇ ಬಿಟ್ಟು ಬಂದಿದ್ದೇನೆ. ಕಳೆದಿಲ್ಲ, ಅವರಿಗೆ ಸಿಕ್ಕಿದೆ, ಕೊರಿಯರಿನಲ್ಲಿ ಕಳಿಸುತ್ತಾರಂತೆ. ಆದರೂ ನಿಮ್ಮ ಕೈಯಿಂದ ಕಟ್ಟಿಸಿಕೊಂಡದ್ದನ್ನು ಬಿಟ್ಟು ಬಂದೆನಲ್ಲ ಎಂದು ಗಳಿಗೆಗೊಮ್ಮೆ ಕೊರಳು ಮುಟ್ಟಿ ನೋಡಿಕೊಳ್ಳುತ್ತೇನೆ.

ಮೂರು ವರ್ಷದ ಹಿಂದೆ ನನ್ನ ಮದುವೆಯ ದಿನ, ತಾಳಿಗಿಂತ ಮೊದಲು, ತೀರಿಹೋದ ನಿಮ್ಮ ಮಗಳ ಹೆಸರಿನಲ್ಲಿ ಮಾಡಿಸಿದ ಆ ಪುಟ್ಟ ಬೆಳ್ಳಿಯ ಮೂರ್ತಿಯನ್ನು ಕರಿದಾರಕ್ಕೆ ಪೋಣಿಸಿ ನನ್ನ ಕೊರಳಿಗೆ ಕಟ್ಟಿದಿರಿ. ಎರಡನೆಯವಳಾಗಿ ಬರುವವಳು ಮೊದಲಿನವಳನ್ನು ಎದೆಯ ಮೇಲೆ ಇಟ್ಟುಕೊಂಡೇ ಬಾಳಬೇಕು ಎಂಬುದು ನಮ್ಮ ಮನೆಗಳ ಪದ್ಧತಿ. "ಇಕಿ ಇನ್ನ ನಿನ್ನ ಅಕ್ಕ, ನಾ ನಿನ್ನ ಅವ್ವ" ಎಂದಿರಿ. ಅಳಿಯನ ಎರಡನೆಯ ಹೆಂಡತಿಗೆ ಯಾರು ಹಾಗೆ ಹೇಳುತ್ತಾರೆ? ನನ್ನನ್ನು ಹೆತ್ತವಳು ಸತ್ತ ಮೇಲೆ ನನಗೆ ಹೋಗಲು ಒಂದು ಮನೆಯೂ ಇರಲಿಲ್ಲ. ಅಂದಿನಿಂದ ನಿಮ್ಮ ಮನೆಯೇ ನನ್ನ ತವರು. ಈ ಪತ್ರ ಓದಿ ನೀವು ಮುಖ ತಿರುಗಿಸಿದರೆ ನನಗೆ ಇನ್ನೊಂದು ತವರಿಲ್ಲ. ಅದೇ ನನ್ನ ಭಯ.

ನಡೆದದ್ದನ್ನೆಲ್ಲ ಹೇಳುತ್ತೇನೆ ಕೇಳಿ. ಪಂಪ್‌ಸೆಟ್ ಕಂಪನಿಯವರು ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಗಂಡ ಹೆಂಡತಿ ಜೋಡಿಯಾಗಿ ಕಳಿಸಿದ್ದು ನಿಮಗೆ ಗೊತ್ತೇ ಇದೆ. ಅಲ್ಲಿ ಹೋದ ಕೂಡಲೇ ಕೈಗೆ ಒಂದು ನೀಲಿ ಪಟ್ಟಿ ಕಟ್ಟಿದರು. ಅದು ಕೈಯಲ್ಲಿದ್ದರೆ ಊಟ, ತಿಂಡಿ, ಚಹಾ, ಈಜುಕೊಳ ಯಾವುದಕ್ಕೂ ದುಡ್ಡು ಕೇಳುವುದಿಲ್ಲ. ನಿಮ್ಮ ಅಳಿಯ ನಂಬಲಿಲ್ಲ. ಚಹಾ ಕುಡಿದಾಗಲೆಲ್ಲ ಕಿಸೆಗೆ ಕೈ ಹಾಕಿ "ಎಷ್ಟಾತ್ರಿ?" ಎನ್ನುವುದು, ಬಡಿಸುವವರು ನಕ್ಕು ಪಟ್ಟಿಯನ್ನು ತೋರಿಸುವುದು. ನಂಬಿಕೆ ಬಂದ ಮೇಲೆ ಇನ್ನೊಂದು ಫಜೀತಿ. ಬೆಳಗಿನ ತಿಂಡಿ ಮುಗಿಸಿ ಕೋಣೆಗೆ ಬಂದವರು, ಊಟದ ಹಾಲ್ ಮುಚ್ಚುವ ಹೊತ್ತಿಗೆ ಮತ್ತೊಮ್ಮೆ ಹೋಗಿ ಕೂರುತ್ತಿದ್ದರು. ಬಾಳೆಹಣ್ಣನ್ನು ಮಾತ್ರ ಮುಟ್ಟಲಿಲ್ಲ. "ಕಮಲಾಪುರದ ಕೆಂಪು ಬಾಳೆಹಣ್ಣು ತಿಂದ ಬಾಯಿ ಇದು, ಇದಕ್ಕ ಇದು ನಡ್ಯಾಂಗಿಲ್ಲ" ಎಂದು ಅಲ್ಲಿಯ ಮ್ಯಾನೇಜರಿಗೇ ಹೇಳಿ ಬಂದರು. ಅವರಿಗೆ ಏನು ತಿಳಿಯಿತೋ, ಸಂಜೆ ಕೋಣೆಗೆ ಒಂದು ಬುಟ್ಟಿ ಬಾಳೆಹಣ್ಣು ಕಳಿಸಿದರು.

ನನ್ನ ಪಾಡು ಬೇರೆ. ಎದ್ದರೆ ಕಸ ಇಲ್ಲ, ಒಲೆ ಇಲ್ಲ, ನಳದ ನೀರಿನ ದಾರಿ ಕಾಯುವುದೂ ಇಲ್ಲ. ತಡೆಯಲಾರದೆ ಹಾಸಿಗೆಯನ್ನು ನಾನೇ ಮಡಿಸಿಟ್ಟೆ. ಕೋಣೆ ಸ್ವಚ್ಛ ಮಾಡುವ ಹೆಣ್ಣುಮಗಳು ಬಂದು ನನ್ನನ್ನೊಮ್ಮೆ ನೋಡಿ, ಅದನ್ನು ಬಿಚ್ಚಿ ಮತ್ತೆ ಹಾಸಿದಳು.

ಮರುದಿನ ಸಮುದ್ರಕ್ಕೆ ಹೋದೆವು. ನಮ್ಮ ಜೊತೆ ಬಂದಿದ್ದ ಸೇಡಂ ವ್ಯಾಪಾರಿಯ ಹೆಂಡತಿ ಅಫ್ಶೀನ್ ನನ್ನ ಕೊರಳನ್ನು ನೋಡಿ, "ಅಕ್ಕಾ, ಉಪ್ಪು ನೀರಾಗ ಬೆಳ್ಳಿ ಕರ್ರಗಾಗ್ತದ, ದಾರ ಹರದ್ರ ಹುಡಕಾಕೂ ಆಗಲ್ಲ. ತೆಗದಿಟ್ಟು ಬರ್ರಿ" ಎಂದಳು. ಖರೆ ಅನಿಸಿತು. ಕೋಣೆಯ ಕಪಾಟಿನಲ್ಲಿ ಒಡವೆ ಇಡಲು ಒಂದು ಸಣ್ಣ ಕಬ್ಬಿಣದ ಲಾಕರ್ ಇತ್ತು. ಅಕ್ಕನನ್ನು ಅದರಲ್ಲಿಟ್ಟು, ಕೈಮುಗಿದು, ಬಾಗಿಲು ಹಾಕಿ ಬಂದೆ.

ಇವರು ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕೈ ಚಾಚಿದರು. ಅಲೆ ಬಂದು ಬಡಿದಾಗ ನಾನು ಕಿರುಚಿದೆ, ಇವರು ಬಾಯಿ ತುಂಬ ನಕ್ಕರು. ಇವರಿಗೆ ಬಲಗಡೆ ಒಂದು ದವಡೆ ಹಲ್ಲಿಲ್ಲ ಎಂದು ನನಗೆ ಅಂದೇ ಗೊತ್ತಾದದ್ದು. ಮೂರು ವರ್ಷದಲ್ಲಿ ನನ್ನೆದುರು ಅಷ್ಟು ಬಾಯಿ ತೆರೆದು ನಕ್ಕಿರಲಿಲ್ಲ.

ಅವ್ವ, ತಪ್ಪು ತಿಳಿಯಬೇಡಿ. ಇವರು ನನ್ನೊಡನೆ ಮಾತಾಡುವಾಗ ಕಣ್ಣು ಮೊದಲು ಆ ಮೂರ್ತಿಯ ಮೇಲೆ ಹೋಗುತ್ತದೆ, ಆಮೇಲೆ ನನ್ನ ಮುಖಕ್ಕೆ ಬರುತ್ತದೆ. ಸಾರಿಗೆ ಉಪ್ಪು ಕೇಳುವಾಗಲೂ ಹಾಗೇ. ನಾನು ದೂರುತ್ತಿಲ್ಲ. ಅಕ್ಕನ ಜೊತೆ ಅಷ್ಟು ವರ್ಷ ಬಾಳಿದವರು, ನೋಡದೆ ಇದ್ದಿದ್ದರೆ ಇವರೆಂಥ ಮನುಷ್ಯ ಎಂದು ನನಗೇ ಬೇಸರವಾಗುತ್ತಿತ್ತು. ಆದರೆ ಅಂದು ಸಂಜೆ ಊಟಕ್ಕೆ ಕೂತಾಗ ನೇರ ನನ್ನ ಮುಖ ನೋಡಿ, "ರಾಜೀ, ನಿನ್ನ ಗಲ್ಲದ ಮ್ಯಾಲ ಮಚ್ಚಿ ಅದ ಅಲಾ?" ಎಂದು ಕೇಳಿದರು. ಹುಟ್ಟಿದಾಗಿನಿಂದ ಇರುವ ಮಚ್ಚೆ. ನನಗೆ ಅಳು ಬಂತು. ಪಲ್ಯ ಖಾರ ಎಂದು ಹೇಳಿ ನೀರು ಕುಡಿದೆ.

ಆ ದಿನ ಮೂರ್ತಿಯನ್ನು ಮತ್ತೆ ಹಾಕಿಕೊಳ್ಳಲಿಲ್ಲ. ನಾಳೆ ನೀರಿಗೆ ಹೋಗುವುದಿದೆಯಲ್ಲ ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಹೊರಡುವ ದಿನ ಬಸ್ಸಿನವರು ಬಹಳ ಅವಸರ ಮಾಡಿದರು, ಆ ಗಡಿಬಿಡಿಯಲ್ಲಿ ಮರೆತೆ. ವಿಜಯಪುರ ದಾಟಿದ ಮೇಲೆ ಇವರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಇರ್ಲಿ ತಡಿ" ಎಂದವರೇ ರೆಸಾರ್ಟಿಗೆ ಫೋನ್ ಹಚ್ಚಿದರು. ಅವರು ಕೋಣೆಯ ಲಾಕರ್ ತೆರೆದು ನೋಡಿ, ಅಲ್ಲೇ ಇದೆ ಎಂದರು.

ನಿನ್ನೆ ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದೆವು. ಜಗತ್ ಸರ್ಕಲ್ಲಿನ ತಮ್ಮ ಅಂಗಡಿ ಬಿಟ್ಟು ಮಧ್ಯಾಹ್ನ ಮನೆಗೆ ಬರಲು ಎಂದೂ ಪುರುಸೊತ್ತಿಲ್ಲದವರು, ಇವತ್ತು ಊಟಕ್ಕೆ ಬಂದಿದ್ದರು. ಬಿಸಿ ರೊಟ್ಟಿ ತಿಂದು ಅಡುಗೆಮನೆಯ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು ಮಾತಾಡಿ ಹೋದರು. ನಾವು ಸುಖವಾಗಿದ್ದೇವೆ ಅವ್ವ. ಅದನ್ನು ನಿಮಗೆ ಬರೆಯುವಾಗ ಮಾತ್ರ ಕೈ ತಡೆಯುತ್ತದೆ.

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. ಈ ಪತ್ರವನ್ನು ಅವರಿಗೆ ಓದಿ ಹೇಳುವುದು ಬಿಡುವುದು ನಿಮಗೆ ಸೇರಿದ್ದು.

ನೀವು ಮಗಳೆಂದು ಕರೆದ
ರಾಜೇಶ್ರೀ

ತಾ.ಕ.: ಮರೆತೆ ಎಂದು ಮೇಲೆ ಬರೆದದ್ದು ಸುಳ್ಳು. ಹೊರಡುವ ಮುಂಜಾನೆ ಲಾಕರ್ ತೆರೆದು ಇವರ ಗಡಿಯಾರವನ್ನೂ ನನ್ನ ಕಿವಿಯೋಲೆಯನ್ನೂ ತೆಗೆದುಕೊಂಡೆ. ಅಕ್ಕ ಅಲ್ಲೇ ಇದ್ದಳು. ನೋಡಿದೆ, ಬಾಗಿಲು ಮುಚ್ಚಿದೆ. ಬಸ್ಸಿನಲ್ಲಿ ಕೂತ ಮೇಲೆ, ಗುರುತು ಪರಿಚಯ ಇಲ್ಲದ ಊರಲ್ಲಿ ಅವಳನ್ನು ಒಬ್ಬಳನ್ನೇ ಬಿಟ್ಟು ಬಂದೆನಲ್ಲ ಎಂದು ಕೂತಲ್ಲಿ ಕೂರಲಾಗಲಿಲ್ಲ. ಅದಕ್ಕೇ ಇವರಿಗೆ ಹೇಳಿದ್ದು. ಎಲ್ಲಿಗೆ ಕಳಿಸಬೇಕು ಎಂದು ರೆಸಾರ್ಟಿನವರು ಕೇಳಿದಾಗ ಇವರು ಫೋನನ್ನು ನನ್ನ ಕೈಗೆ ಕೊಟ್ಟರು. ನಾನು ನಿಮ್ಮ ಮನೆಯ ವಿಳಾಸ ಹೇಳಿದೆ. ಅಕ್ಕ ತನ್ನ ಅವ್ವನ ಹತ್ತಿರ ಬರುತ್ತಿದ್ದಾಳೆ. ಶಿವರಾತ್ರಿಗೆ ನಾನೂ ಬರುತ್ತೇನೆ. ಅವಳನ್ನು ನಿಮ್ಮ ಬಳಿಯೇ ಇಟ್ಟುಕೊಂಡರೆ ನನಗೆ ಸಂತೋಷ, ಮತ್ತೆ ನನ್ನ ಕೊರಳಿಗೆ ಕಟ್ಟಿದರೆ ಕಟ್ಟಿಸಿಕೊಳ್ಳುತ್ತೇನೆ. ಬರಬೇಡ ಎಂದು ಮಾತ್ರ ಅನ್ನಬೇಡಿ. ಇನ್ನೊಂದು ಮಾತು. ಕಮಲಾಪುರದ ಪಿನ್‌ಕೋಡ್ ನೆನಪಾಗದೆ ನಾನು ತಡವರಿಸಿದಾಗ, ಪಕ್ಕದಲ್ಲಿ ಕೂತು ಕೇಳುತ್ತಿದ್ದ ಇವರೇ ಅದನ್ನು ಮೆಲ್ಲಗೆ ಹೇಳಿಕೊಟ್ಟರು.