ಬಾಗಿಲಿಲ್ಲದ ವಾಲ್ನಟ್ ಪೆಟ್ಟಿಗೆ

ಗ್ರ್ಯಾಂಡ್ ರ‍್ಯಾಪಿಡ್ಸ್
14 ಅಕ್ಟೋಬರ್ 2014

ಪ್ರೀತಿಯ ಕ್ಯಾಜ್,

ಇದನ್ನು ನಿನಗೆ ಓದಿ ಹೇಳುತ್ತಿರುವುದು ಐರೀನ್ ಎಂದು ನನಗೆ ಗೊತ್ತು. ಐರೀನ್, ನೀನು ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ನಿನ್ನ ಗಂಡ ಮಧ್ಯೆ ಬಾಯಿ ಹಾಕಿದರೆ ತಡೆಯಬೇಡ. ಬಯ್ಯುವಷ್ಟು ಬಯ್ದು ಮುಗಿಸಲಿ, ಆಮೇಲೆ ಮುಂದಕ್ಕೆ ಓದು. ಹೋದ ತಿಂಗಳು ಎರಡು ಸಲ ನಿಮ್ಮ ಮನೆಗೆ ಫೋನ್ ಬಂದು, ಕ್ಯಾಜ್ "ಯಾರ್ರೀ ಅದು?" ಎಂದ ಕೂಡಲೇ ಕಟ್ಟಾಯಿತಲ್ಲ, ಅದು ಇನ್ಶೂರೆನ್ಸ್ ಮಾರುವವನಲ್ಲ, ನಾನು. ಅವನ ದನಿ ಕೇಳಿದ್ದೇ ಫೋನ್ ಇಟ್ಟುಬಿಟ್ಟೆ. ಕಾಗದದ ಮೇಲಾದರೆ ಆ ದನಿ ಕೇಳಿಸುವುದಿಲ್ಲ ಎಂದು ಬರೆಯಲು ಕೂತಿದ್ದೇನೆ.

ಕ್ಯಾಜ್, ಪೆಟ್ಟಿಗೆ ಮುಗಿದಿದೆ, ಮುಂದಿನ ಬಾಗಿಲೊಂದನ್ನು ಬಿಟ್ಟು. ನನ್ನಾಕೆ ವಿನ್ನಿಯ ಕಂಪ್ಯೂಟರ್ ಅದರೊಳಗೆ ಕೂತು ಎಂಟು ತಿಂಗಳಾಯಿತು. ಅವಳು ತನ್ನ ವಂಶದ ಮೂಲ ಹುಡುಕುತ್ತ ಹಾಲೆಂಡಿನ ಹದಿನೇಳನೇ ಶತಮಾನದವರೆಗೂ ಹೋಗಿದ್ದಾಳೆ, ಊಟಕ್ಕೆ ಮಾತ್ರ ಈ ಶತಮಾನಕ್ಕೆ ಬರುತ್ತಾಳೆ. ಬಂದವರೆಲ್ಲ ಪೆಟ್ಟಿಗೆಯನ್ನು ಹೊಗಳುತ್ತಾರೆ. ಆಮೇಲೆ ಮುಂದೆ ಬಂದು, ಬಾಗಿಲಿನ ಜಾಗದಲ್ಲಿ ನಾನು ಸಿಕ್ಕಿಸಿರುವ ಬರೀ ಪ್ಲೈವುಡ್ ತುಂಡನ್ನು ನೋಡಿ ಮಾತು ಬದಲಿಸುತ್ತಾರೆ. ಕೇಳುವವರೂ ಇದ್ದಾರೆ. ಇನ್ನೂ ಕೆಲಸ ಬಾಕಿಯಿದೆ ಎನ್ನುತ್ತೇನೆ.

ಇದೆಲ್ಲ ಶುರುವಾಗಿದ್ದೇ ವಿನ್ನಿಯಿಂದ. ನೀವಿಬ್ಬರೂ ನಮ್ಮಲ್ಲಿ ಊಟಕ್ಕೆ ಬಂದಿದ್ದ ದಿನ ಅವಳು ಬಟಾಣಿ ಸೂಪು ಬಡಿಸುತ್ತ ಜಗಳ ತೆಗೆದಳು. "ಈ ಕಂಪ್ಯೂಟರಿನ ತಗಡಿನ ಡಬ್ಬ ನನ್ನ ಹಾಲ್‌ನಲ್ಲಿ ಇರಕೂಡದು. ಊರೋರ ಮನೆಗೆಲ್ಲ ನಲವತ್ತು ವರ್ಷ ಬೀರು ಮಾಡಿಕೊಟ್ರಿ ಇಬ್ರೂ. ನಂಗೊಂದು ಪೆಟ್ಟಿಗೆ ಮಾಡಕ್ಕೆ ಕೈ ಬಿದ್ದೋಯ್ತಾ?" ನಾನು ಅಲ್ಲೇ ಒಂದು ಚಿತ್ರ ಬರೆದೆ. ನೀನು ನೋಡಿ, "ಏನೋ ಡಚ್ಚ, ಕಂಪ್ಯೂಟರ್ ಸತ್ತೋದ್ರೆ ಹೂಳಕ್ಕಾ ಇದು?" ಎಂದೆ. ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ನಾಲ್ಕೂ ಮೂಲೆಗಳನ್ನು ದುಂಡಗೆ ಮಾಡಿದೆ. ತಲೆಯ ಕಡೆ ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಸರಿಸಿ ಪೇಟೆಯ ಹಳೆಯ ಗೋಪುರಗಳ ಹಾಗೆ ಏರಿಸಿದೆ. ನಡುವಿಗೆ ಮೂರು ಹಿತ್ತಾಳೆ ಗೆರೆ, ಬುಡಕ್ಕೆ ಕಪ್ಪು ಅರಗಿನ ಹೊಳಪು. ಮುಂದಿನ ಬಾಗಿಲ ಮೇಲೆ ತೆಳುವಾಗಿ ಸೀಳಿದ ಮರದ ನಾಲ್ಕು ವಿನೀರ್ ಹಾಳೆಗಳು ನಡುವಲ್ಲಿ ಕೂಡಿ, ಸೂರ್ಯ ಹುಟ್ಟಿದ ಹಾಗೆ ಬಿಚ್ಚಿಕೊಳ್ಳಬೇಕು. "ಮೂವತ್ತರ ದಶಕದ ಆರ್ಟ್ ಡೆಕೊ ಸ್ಟೈಲು ಅಂದ್ರೆ ಇದಪ್ಪ. ಪೆಟ್ಟಿಗೆಗೂ ಸ್ವಲ್ಪ ಸೊಂಟ ಇರ್ಬೇಕು," ಎಂದು ಐರೀನ್ ಕಡೆ ನೋಡಿ ಕಣ್ಣು ಹೊಡೆದೆ. ಆ ಕಾಗದದ ಮೇಲೆ ಸೂಪಿನ ಕಲೆಯಿದೆ. ಇನ್ನೂ ಇಟ್ಟುಕೊಂಡಿದ್ದೇನೆ.

ನಾವು ದುಡಿದ ಬೀರು ಕಾರ್ಖಾನೆಯಲ್ಲಿ ಹೇಗೋ ನನ್ನ ಗ್ಯಾರೇಜಿನಲ್ಲಿಯೂ ಹಾಗೇ ನಡೆಯಿತು. ಒಡಲು ನನ್ನದು, ಮೈಚರ್ಮ ನಿನ್ನದು. ನಾನು ತೆಳು ಹಲಗೆಗಳನ್ನು ಅಚ್ಚಿಗೆ ಬಗ್ಗಿಸಿ ಅಂಟು ಹಾಕಿ ಮೂಲೆಗಳನ್ನು ಮಾಡಿದೆ, ಮೂರು ಸಲ ಬಿರುಕು ಬಿಟ್ಟು ನಾಲ್ಕನೇ ಸಲ ಒಪ್ಪಿದವು. ಒಳಗಿನ ಬಿಸಿ ಹೊರಹೋಗಲು ಬೆನ್ನಿಗೆ ಹಳೆಯ ರೇಡಿಯೋಗಳಲ್ಲಿದ್ದಂಥ ಉದ್ದುದ್ದ ಪಟ್ಟಿಗಳ ಜಾಲರಿ ಇಡೋಣ ಎಂದವನು ನೀನು. ಪರೀಕ್ಷೆಗೆಂದು ಕಂಪ್ಯೂಟರನ್ನು ಒಳಗಿಟ್ಟು ನೋಡಿದ ದಿನ ನೀನು ಫ್ಯಾನಿಗೆ ಕಿವಿಯಿಟ್ಟು ಕೇಳಿ, "ನಮ್ಮ ಮಾವನ ಥರ ಗೊರಕೆ ಹೊಡೀತದಲ್ಲೋ, ಮಗ್ಗುಲು ಬದಲಾಯಿಸಿ ಮಲಗಿಸು," ಎಂದೆ. ನಿವೃತ್ತಿಯಾದ ಮೇಲೆ ನನಗೆ ಅಷ್ಟು ಸುಖದ ಬೇಸಿಗೆ ಬಂದಿರಲಿಲ್ಲ, ಕ್ಯಾಜ್. ಆಗ ನಿನಗೆ ಹೇಳಬೇಕಿತ್ತು. ನಮ್ಮಂಥವರು ಅಂಥದ್ದನ್ನೆಲ್ಲ ಹೇಳುವುದಿಲ್ಲವಲ್ಲ.

ಬಾಗಿಲಿಗೆಂದು ನೀನು ಹೊರತೆಗೆದ ಹಾಳೆಗಳನ್ನು ನೋಡಿ ಮಾತ್ರ ನಾನು ಬೆರಗಾದೆ. ಕಾರ್ಖಾನೆ ಮುಚ್ಚಿದ ದಿನ ಎಲ್ಲರೂ ಉಳಿ, ಸುತ್ತಿಗೆ ಹೊತ್ತುಕೊಂಡು ಹೋದರೆ ನೀನು ಕಂಕುಳಲ್ಲಿ ನಾಲ್ಕು ವಾಲ್ನಟ್ ಮರದ ಹಾಳೆ ಇಟ್ಟುಕೊಂಡು ಹೋದವನು. ಮರ ಎರಡಾಗಿ ಕವಲೊಡೆಯುವ ಜಾಗದಿಂದ ಒಂದರ ಮೇಲೊಂದರಂತೆ ಸೀಳಿದ ಹಾಳೆಗಳು, ಮೈಯೆಲ್ಲ ಬೆಂಕಿಯ ನಾಲಗೆ. ಇಪ್ಪತ್ತೆಂಟು ವರ್ಷ ನಿಮ್ಮ ಮಂಚದ ಕೆಳಗೆ ಮಲಗಿದ್ದವು. ಮಗಳ ಮದುವೆಯ ಪೆಟಾರಿಗೂ ನೀನು ಕೊಡಲಿಲ್ಲವೆಂದು ಐರೀನ್ ಈಗಲೂ ದೂರುತ್ತಾಳೆ. ವಿನ್ನಿಯ ಡಬ್ಬಕ್ಕೆ ಇವು ಬೇಡ ಕಣೋ ಎಂದೆ ನಾನು. "ಇನ್ಯಾವಾಗ ತೆಗೀಲಿ? ಸತ್ ಮೇಲಾ?" ಎಂದು ನೀನು ನಕ್ಕೆ. ನಾನೂ ನಕ್ಕೆ.

ಹಾಳೆಗಳು ಸುಕ್ಕುಗಟ್ಟಿದ್ದವು. ನೀನು ಅವನ್ನು ಒದ್ದೆ ಮಾಡಿ, ಮಧ್ಯೆ ಕಾಗದವಿಟ್ಟು, ಎರಡು ಹಲಗೆಗಳ ನಡುವೆ ಬಿಗಿದೆ. ಗುರುವಾರ, ಶುಕ್ರವಾರ ಕಾಗದ ಬದಲಿಸುತ್ತಲೇ ಇದ್ದೆ. ಶನಿವಾರ ಮಧ್ಯಾಹ್ನ ನೀನು ಮುಟ್ಟಿ ನೋಡಿ, "ಇನ್ನೂ ಹಸಿ. ನಾಳೆ ಬೆಳಿಗ್ಗೆ ಸರಿಯಾಗಿರ್ತದೆ. ನಾಳೆ ಬಿಟ್ರೆ ಮತ್ತೆ ಸುಕ್ಕಾಗ್ತದೆ," ಎಂದೆ. ನಾಳೆ ಭಾನುವಾರ ಎಂದೆ ನಾನು. "ನಿಂಗೆ ಭಾನುವಾರ. ನಾನು ಇವತ್ತು ಸಾಯಂಕಾಲಾನೇ ನಮ್ಮ ಕ್ಯಾಥೊಲಿಕ್ ಚರ್ಚಿನ ಶನಿವಾರದ ಪೂಜೆಗೆ ಹೋಗಿ ಬಂದಿರ್ತೀನಿ. ನಾಳೆ ನೀನು ದೇವರ ಹತ್ರ ಹೋಗು, ನಾನು ಹಾಳೆ ಹತ್ರ ಬರ್ತೀನಿ. ಯಾರಿಗೂ ಗೊತ್ತಾಗಲ್ಲ ಬಿಡೋ." ನಾನು ಗ್ಯಾರೇಜಿನ ಕೀಲಿಯನ್ನು ಗೊಂಚಲಿನಿಂದ ಬಿಡಿಸಿ ನಿನ್ನ ಟೋಪಿಯ ಪಕ್ಕ ಇಟ್ಟು ಒಳಗೆ ಹೋದೆ.

ನಮ್ಮ ಡಚ್ ಚರ್ಚಿನವರ ಭಾನುವಾರ ಎಂಥದ್ದೆಂದು ನಿನಗೆ ಗೊತ್ತೇ ಇದೆ. ಹುಲ್ಲು ಕತ್ತರಿಸುವಂತಿಲ್ಲ, ಬಟ್ಟೆ ಒಣಹಾಕುವಂತಿಲ್ಲ. ಆ ವರ್ಷ ನಾನು ಚರ್ಚಿನ ಆಡಳಿತ ನೋಡುವ ಹಿರಿಯರಲ್ಲಿ ಒಬ್ಬ. ಭಾನುವಾರ ಮನೆಗೆ ಬಣ್ಣ ಹೊಡೆದವನೊಬ್ಬನಿಗೆ ಬುದ್ಧಿ ಹೇಳಲು ಇನ್ನೊಬ್ಬ ಹಿರಿಯ ಹಾರ್ಲನ್ ವೀರ್ಸ್ಮಾ ಜೊತೆಯಲ್ಲಿ ಹೋಗಿಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಅದೇ ಹಾರ್ಲನ್ ಅವತ್ತು ಪ್ರಾರ್ಥನೆ ಮುಗಿದ ಮೇಲೆ, ಕಾಫಿ ಕುಡಿದು ಹೋಗ್ತೀನಿ ಅಂತ ನನ್ನ ಜೊತೆ ನಡೆದು ಬಂದ. ಬೀದಿಯ ತಿರುವಿನಲ್ಲೇ ಪೋಲ್ಕಾ ಸಂಗೀತ ಕೇಳಿಸಿತು. ಗ್ಯಾರೇಜಿನ ದೊಡ್ಡ ಬಾಗಿಲು ಪೂರ್ತಿ ಮೇಲಕ್ಕೆತ್ತಿತ್ತು. ಬೆಳಕಿಗೆ ಎದುರಾಗಿ ನೀನು ಮೇಜಿನ ಮೇಲೆ ಬಾಗಿದ್ದೆ, ಮೂಗು ಹಾಳೆಗೆ ತಾಗುವಷ್ಟು. ಪಕ್ಕದಲ್ಲಿ ರೇಡಿಯೋ ಕುಣಿಯುತ್ತಿತ್ತು.

ಹಾರ್ಲನ್ ಕೇಳಿದ್ದು ಇಷ್ಟೇ: "ಗೆರಿಟ್, ಇವರನ್ನ ನೀನೇ ಬರಕ್ಕೆ ಹೇಳಿದ್ಯಾ?" ಹೌದು ಎನ್ನಲು ಒಂದು ಉಸಿರು ಸಾಕಿತ್ತು. "ಇಲ್ಲ, ಅವನೇ ಬಂದಿದಾನೆ," ಎಂದೆ. ಅಷ್ಟಕ್ಕೆ ನಿಲ್ಲಿಸದೆ, ಹಾರ್ಲನ್ ಕಿವಿಗೆ ಬೀಳಲೆಂದೇ ನಿನ್ನ ಮೇಲೆ ದನಿಯೆತ್ತಿ, "ಯಾರನ್ನ ಕೇಳಿ ಒಳಗೆ ಬಂದೆ? ಭಾನುವಾರ ನನ್ನ ಮನೇಲಿ ಇದೆಲ್ಲ ನಡಿಯಲ್ಲ. ಕೀಲಿ ಕೊಡು," ಎಂದೆ. ನನ್ನ ಬಾಯಲ್ಲಿ ಬಂದ ಒಂದೊಂದು ಪದವೂ ನೆನಪಿದೆ. ನಿನಗೂ ಇರಬಹುದು.

ನೀನು ಜಗಳವಾಡಬೇಕಿತ್ತು. ಕೀಲಿ ನೀನೇ ಕೊಟ್ಟೆಯಲ್ಲೋ ಕಳ್ಳ ಎಂದು ಹಾರ್ಲನ್ ಎದುರಿಗೇ ನನ್ನ ಮಾನ ತೆಗೆಯಬೇಕಿತ್ತು. ನೀನೋ, ರೇಡಿಯೋ ಆರಿಸಿದೆ. ಕೀಲಿಯನ್ನು ಮೇಜಿನ ಅಂಚಿಗಿಟ್ಟೆ, ಅದು ಕೆಳಗೆ ಬಿತ್ತು. "ಇನ್ನೆರಡೇ ಹಾಳೆ ಇತ್ತು ಕಣೋ," ಎಂದು ಹೊರಟೆ. ಮೆಟ್ಟಿಲಲ್ಲಿ ನಿನ್ನ ಕಾಲು ಒಮ್ಮೆ ತಡವರಿಸಿತು. ಸಿಟ್ಟಿನಲ್ಲಿದ್ದಾನೆ ಎಂದುಕೊಂಡೆ.

ನಿನ್ನ ಕಣ್ಣಿನ ವಿಷಯ ನನಗೆ ತಿಳಿದದ್ದು ಎರಡು ವಾರದ ಮೇಲೆ, ವಿನ್ನಿಯ ಬಾಯಿಂದ. ಸಕ್ಕರೆ ಕಾಯಿಲೆಯಿಂದ ಕಣ್ಣೊಳಗೆ ರಕ್ತ ಸೋರುತ್ತಿತ್ತಂತೆ. ಮರುದಿನ ಸೋಮವಾರವೇ ಆಪರೇಷನ್ ಇತ್ತಂತೆ. ಬಲಗಣ್ಣು ಹೋಯಿತು, ಎಡಗಣ್ಣಿಗೆ ನೆರಳು ಮಾತ್ರ ಕಾಣುತ್ತದೆ ಎಂದಳು. ಆ ಭಾನುವಾರ ನಿನ್ನ ಪಾಲಿನ ಕೊನೆಯ ಬೆಳಕಾಗಿತ್ತು. ಅದನ್ನು ನೀನು ನಮ್ಮ ಪೆಟ್ಟಿಗೆಗೆ ಖರ್ಚು ಮಾಡಲು ಬಂದಿದ್ದೆ, ನಾನು ಓಡಿಸಿದೆ. ಗೊತ್ತಿದ್ದಿದ್ದರೆ ಹಾಗೆ ಮಾಡುತ್ತಿದ್ದೆನೇ ಎಂದು ಒಂದು ವರ್ಷದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ನನ್ನ ಹಿರಿಯತನದ ಅವಧಿ ಜೂನ್‌ನಲ್ಲಿ ಮುಗಿಯಿತು. ಒಂದು ಕೈಕುಲುಕು, ಒಂದು ತುಂಡು ಕೇಕು. ಹಾರ್ಲನ್ ಮೊನ್ನೆ ಮನೆಗೆ ಬಂದವನು ಪೆಟ್ಟಿಗೆಯ ಮುಂದೆ ಕೂತು, "ಆ ಪೋಲಿಷ್ ಗೆಳೆಯ ಎಲ್ಲೋ? ಅವತ್ತು ಏನು ಚೆಂದ ಜೋಡಿಸ್ತಿದ್ದ ಮಾರಾಯ. ನೀನು ಸುಮ್ಮನೆ ಕೂಗಾಡ್ಬಿಟ್ಟೆ. ನಾನೇನೂ ಅಂತಿರ್ಲಿಲ್ಲ," ಎಂದ. ನನಗೆ ಅವನ ಕುತ್ತಿಗೆ ಹಿಸುಕುವಷ್ಟು ಕೋಪ ಬಂತು. ಅವನದೇನು ತಪ್ಪು? ಹೆದರಿದವನು ನಾನು. ಯಾರೂ ಹೆದರಿಸಿರಲಿಲ್ಲ.

ಇನ್ನೊಂದು ಕೆಟ್ಟ ಸುದ್ದಿ. ಅವತ್ತು ನೀನು ಜೋಡಿಸಿಟ್ಟ ಎರಡು ಹಾಳೆ ಹಾಗೇ ಇವೆ. ಫೆಬ್ರುವರಿಯಲ್ಲಿ ನನಗೊಂದು ದುರ್ಬುದ್ಧಿ ಬಂತು. ಬಾಗಿಲು ಮುಗಿಸಿ ನಿಮ್ಮ ಮನೆಗೆ ತಂದು ಕೈಗಿಡೋಣ, ಆಮೇಲೆ ಮಾತಾಡೋಣ ಎಂದು ಮೂರನೇ ಹಾಳೆಗೆ ಚಾಕು ಹಾಕಿದೆ. ಅಳತೆಪಟ್ಟಿ ಒಂದು ಕೂದಲಿನಷ್ಟು ಸರಿಯಿತು. ನೀನಾಗಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ. ನಾನು ಸರಿಮಾಡಲು ಹೋಗಿ ಇನ್ನೊಮ್ಮೆ ಕೊಯ್ದೆ, ಮತ್ತೊಮ್ಮೆ ಕೊಯ್ದೆ, ಕೊನೆಗೆ ಬೆಂಕಿಯ ನಾಲಗೆಯ ನಡುಭಾಗವೇ ಹೋಯಿತು. ಇಪ್ಪತ್ತೆಂಟು ವರ್ಷ ಮಂಚದ ಕೆಳಗೆ ಉಳಿದದ್ದು ನನ್ನ ಮೇಜಿನ ಮೇಲೆ ಅರ್ಧ ಗಂಟೆ ಬದುಕಲಿಲ್ಲ. ಇನ್ನು ನೀನು ಬರೆದ ಸೂರ್ಯ ಪೂರ್ತಿ ಹುಟ್ಟುವುದಿಲ್ಲ ಕ್ಯಾಜ್. ಅದನ್ನು ಯಾರೂ ಸರಿಮಾಡಲಾರರು, ನೀನು ಕೂಡ.

ಆದರೆ ಎರಡು ಹಾಳೆ ಕೂಡಿವೆ, ಒಂದು ಬಿಡಿಯಾಗಿ ಉಳಿದಿದೆ. ಅರ್ಧ ಸೂರ್ಯನನ್ನೇ ಮೇಲಕ್ಕಿಟ್ಟು ಕೆಳಗೆ ಕಪ್ಪು ಅರಗು ಬಿಡಬಹುದೋ, ಹಿತ್ತಾಳೆ ಗೆರೆಗಳನ್ನು ಬಾಗಿಲಿನ ಮೇಲೂ ಎಳೆಯಬಹುದೋ, ನನಗೆ ತಿಳಿಯದು. ಅದನ್ನು ಹೇಳಬೇಕಾದವನು ನೀನು. ಈ ಶನಿವಾರ ಬರುತ್ತೀಯಾ? ಕಾರ್ಖಾನೆಯಲ್ಲಿ ನಮ್ಮ ಕಣ್ಣಿಗೆ ಕಾಣದ ಬಿರುಕು ನಿನ್ನ ಹೆಬ್ಬೆರಳಿಗೆ ಸಿಗುತ್ತಿತ್ತು. ಮರದ ಗೆರೆ ಯಾವ ಕಡೆ ಓಡುತ್ತಿದೆ ಎಂದು ನಾನು ಹೇಳುತ್ತೇನೆ, ನೀನು ಬಯ್ಯುತ್ತ ಕೈಯಾಡಿಸು. ಬಾಗಿಲು ಮುಗಿಯದಿದ್ದರೂ ಚಿಂತೆಯಿಲ್ಲ. ನೀನು ಬಂದು ಆ ಪೆಟ್ಟಿಗೆಯ ಮೈ ಮುಟ್ಟಿ ನೋಡಬೇಕು. ನೀನು ಮಾಡಿದ್ದನ್ನು ನೀನೇ ಇನ್ನೂ ನೋಡಿಲ್ಲ.

ವಿನ್ನಿ ಸೂಪು ಮಾಡುತ್ತೇನೆ ಎಂದಿದ್ದಾಳೆ. ಐರೀನ್ ಗಸಗಸೆ ತುಂಬಿದ ಸುರುಳಿ ಕೇಕು ತಂದರೆ ಬೇಡವೆನ್ನುವವರು ಈ ಮನೆಯಲ್ಲಿ ಯಾರೂ ಇಲ್ಲ. ಹನ್ನೊಂದಕ್ಕೆ ಕಾರು ತಂದು ನಿಮ್ಮ ಬಾಗಿಲಲ್ಲಿ ನಿಲ್ಲಿಸುತ್ತೇನೆ. ಬರಲು ಮನಸ್ಸಿಲ್ಲದಿದ್ದರೆ ಪರದೆ ಸರಿಸಬೇಡಿ, ಅರ್ಥಮಾಡಿಕೊಂಡು ವಾಪಸ್ಸು ಹೋಗುತ್ತೇನೆ. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ, ಕ್ಯಾಜ್.

ನಿನ್ನ ಹಳೆಯ ಜೊತೆಗಾರ,
ಗೆರಿಟ್

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಲಕೋಟೆ ಅಂಟಿಸಿ ಅಂಚೆಪೆಟ್ಟಿಗೆಯವರೆಗೆ ಹೋಗಿ, ಮನೆಗೆ ವಾಪಸ್ಸು ಬಂದು ಒಡೆದು ಇದನ್ನು ಸೇರಿಸುತ್ತಿದ್ದೇನೆ. ನಿನ್ನ ಆಪರೇಷನ್ ವಿಷಯ ನನಗೆ ವಿನ್ನಿಯಿಂದ ತಿಳಿದದ್ದಲ್ಲ, ಎರಡು ವಾರದ ಮೇಲೂ ಅಲ್ಲ. ಆ ಭಾನುವಾರಕ್ಕೆ ಎರಡು ದಿನ ಮೊದಲೇ, ಶುಕ್ರವಾರ ಮಧ್ಯಾಹ್ನ, ಐರೀನ್ ಫೋನ್ ಮಾಡಿ ಅಳುತ್ತ ಎಲ್ಲ ಹೇಳಿದ್ದಳು. ಸೋಮವಾರದ ಮೇಲೆ ಕಾಣಬಹುದು, ಕಾಣದೆಯೂ ಹೋಗಬಹುದು ಎಂದು ಡಾಕ್ಟರು ಹೇಳಿದ್ದನ್ನೂ ಹೇಳಿದ್ದಳು. "ನಾನು ಯಾರಿಗೂ ಹೇಳಬಾರದೆಂದು ಅವನು ಆಣೆ ಹಾಕಿಸಿದ್ದಾನೆ, ನಿನಗೆ ಗೊತ್ತಿರುವುದು ಅವನಿಗೆ ಗೊತ್ತಾಗಕೂಡದು," ಎಂದಿದ್ದಳು. ಕೀಲಿ ಕೊಟ್ಟದ್ದು ಅದಕ್ಕೇ. ಹಾರ್ಲನ್ ಎದುರಿಗೆ ನಿನ್ನನ್ನು ಹೊರಗಟ್ಟಿದಾಗಲೂ ನನಗೆ ಎಲ್ಲ ಗೊತ್ತಿತ್ತು, ಕ್ಯಾಜ್. ಐರೀನ್, ಒಂದು ವರ್ಷ ನೀನು ಬಾಯಿಬಿಡದೆ ನನ್ನ ಮಾನ ಕಾಪಾಡಿದೆ. ಈಗಷ್ಟೇ ಮೇಲಿನ ನನ್ನ ಸುಳ್ಳನ್ನು, ಸುಳ್ಳೆಂದು ಗೊತ್ತಿದ್ದೂ, ನೀನು ನಿನ್ನ ಬಾಯಿಂದಲೇ ಅವನಿಗೆ ಓದಿ ಹೇಳಿದೆ. ಇದನ್ನೂ ಓದಿ ಹೇಳು. ಅವನ ಮುಖ ನೋಡಿ ನಿಲ್ಲಿಸಬೇಡ.