ಬಲಗಡೆಯ ಬಟನ್

ಮಾರ್ಚ್ 4, ಬೆಳಗ್ಗೆ

ಬೆಸುಗೆ ಇವತ್ತೂ ಹಿಡಿಯಲಿಲ್ಲ. ಬೆಸುಗೆ ಕಡ್ಡಿಯ ತುದಿ ಒರೆಸಿ ಮತ್ತೆ ಕಾಯಿಸಿದೆ. ಅಣ್ಣನ ಹಳೇ ಕಂಪ್ಯೂಟರಿಗೆ ಬೇಕಾದ್ದು ಒಂಬತ್ತು ಪಿನ್ನಿನ ಪ್ಲಗ್. ಈಗಿನ ಗೇಮ್ ಕಂಟ್ರೋಲರಿಗೆ ಇರುವುದು ಯುಎಸ್‌ಬಿ. ಅದರ ಹೊಟ್ಟೆ ಬಗೆದು, ಚಿಪ್ ಕಿತ್ತು, ಬಟನ್‌ಗಳಿಂದ ಪ್ಲಗ್ಗಿಗೆ ನೇರ ತಂತಿ ಎಳೆಯುತ್ತಿದ್ದೇನೆ.

ಅವನಿಗೆ ಪಾರ್ಶ್ವವಾಯು ಆಗಿ ಐದು ತಿಂಗಳು. ಬಲಗೈ ತೊಡೆಯ ಮೇಲಿರುತ್ತದೆ, ಯಾರೋ ಇಟ್ಟು ಮರೆತಂತೆ. ವ್ಯಾಯಾಮ ಮಾಡಿಸುವವರನ್ನು ಎರಡು ಸಲ ವಾಪಸ್ ಕಳಿಸಿದ. ಕೇಳಿದ್ದು ಒಂದೇ — ಕಾಲೇಜಿನ ಕಾಲದ ಆ ವಿಮಾನದ ಆಟ. ಹಳೇ ಜಾಯ್‌ಸ್ಟಿಕ್‌ಗೆ ಎರಡೂ ಕೈ ಬೇಕು. ಅದಕ್ಕೇ ಇದು. ಎಲ್ಲವೂ ಎಡಗೈಗೆ.

ಅತ್ತಿಗೆ ಇಣುಕಿದರು. “ಅಜ್ಜಿಗೆ ಮೊಮ್ಮಗಳ ಬಳೆ ತೊಡಿಸ್ತಿದ್ದೀಯಾ?”

ಮಾರ್ಚ್ 6

ಒಂದು ಬಟನ್ನೂ ಕೆಲಸ ಮಾಡಲಿಲ್ಲ. ಪಿನ್ ಎಣಿಸಿದ್ದು ಪ್ಲಗ್ಗಿನ ಎದುರಿನಿಂದ, ಬೆಸೆದದ್ದು ಹಿಂದಿನಿಂದ. ಕನ್ನಡಿಯಲ್ಲಿ ಕಂಡಂತೆ ಎಲ್ಲ ಅದಲುಬದಲು. ಕವಿತೆಯ ಸಾಲನ್ನು ತಿರುಗಾಮುರುಗಾ ಓದಿದರೂ ಏನಾದರೂ ಉಳಿಯುತ್ತದೆ. ತಂತಿಯಲ್ಲಿ ಏನೂ ಉಳಿಯುವುದಿಲ್ಲ.

ಎಂ.ಎ. ಮಾಡಿದವಳಿಗೆ ಒಂಬತ್ತರ ತನಕ ಎಣಿಸಲು ಬರುವುದಿಲ್ಲವೆಂದು ಅಣ್ಣ. ಐದು ತಿಂಗಳಲ್ಲಿ ಮೊದಲ ಕುಹಕ. ಬಿಚ್ಚಿದೆ, ಮತ್ತೆ ಬೆಸೆದೆ.

ಮಾರ್ಚ್ 9, ಮಧ್ಯಾಹ್ನ

ವಿಮಾನ ಹಾರಿತು, ಗುಂಡು ಹೊಡೆಯಿತು. ಅಣ್ಣ ಎರಡೇ ನಿಮಿಷ ಆಡಿ ಕೆಳಗಿಟ್ಟ. ಬಲಗಡೆಯ ಬಟನ್‌ಗಳು ಯಾಕೆ ಸತ್ತಿವೆ ಎಂದು ಕೇಳಿದ. ತಂತಿ ಕೊಟ್ಟಿಲ್ಲ, ಬೇಡವಲ್ಲ ಎಂದೆ.

“ಬೇಡ ಅಂತ ನಾನು ಯಾವಾಗಂದೆ? ಡಾಕ್ಟ್ರೂ ಅಂದಿಲ್ಲ. ನೀನೇ ತೀರ್ಮಾನ ಮಾಡ್ಬಿಟ್ಟೆ.”

ಗೋಡೆ ಕಡೆ ತಿರುಗಿದ. ಅತ್ತಿಗೆ ಬಟ್ಟೆ ಮಡಿಸುತ್ತಲೇ ಇದ್ದರು. ಮಡಿಸಿದ್ದನ್ನೇ ಮತ್ತೆ.

ಮಾರ್ಚ್ 19

ಹತ್ತು ದಿನ ಅದನ್ನು ಮುಟ್ಟಲಿಲ್ಲ. ಅವನೂ ಕೇಳಲಿಲ್ಲ. ಇವತ್ತು ಕೂತೆ. ಗುಂಡು ಹೊಡೆಯಲು ಬಲಗಡೆಯ ಬಟನ್ನಿಗೂ ಒಂದು ತಂತಿ, ಸರಿಯಾಗಿ ಹೆಬ್ಬೆರಳ ಕೆಳಗೆ. ಎಡಗಡೆಯದನ್ನು ತೆಗೆಯಲೇ ಎಂದೆ.

“ಇರ್ಲಿ ಬಿಡು,” ಎಂದ.

ವ್ಯಾಯಾಮದವರು ಮತ್ತೆ ಬರುತ್ತಿದ್ದಾರೆ. ಕರೆಸಿದ್ದು ಯಾರೆಂದು ಅತ್ತಿಗೆ ಬಾಯಿ ಬಿಡುವುದಿಲ್ಲ.

ಏಪ್ರಿಲ್ 2, ಸಂಜೆ

ಬಲ ಹೆಬ್ಬೆರಳನ್ನು ಎಡಗೈಯಿಂದ ಎತ್ತಿ ಬಟನ್ ಮೇಲೆ ಇಟ್ಟುಕೊಂಡ. “ನನ್ ಕೈ ನೋಡ್ಬೇಡ. ಸ್ಕ್ರೀನ್ ನೋಡು.”

ನೋಡಿದೆ. ನಮ್ಮ ವಿಮಾನ ನಾಲ್ಕು ಸಲ ಒಂದೂ ಗುಂಡು ಹೊಡೆಯದೆ ಬಿತ್ತು. ಐದನೆಯ ಸಲ ಒಂದು ಗುಂಡು ಹೋಯಿತು... ಯಾವುದಕ್ಕೂ ತಾಗದೆ ಮೇಲಂಚಿನಲ್ಲಿ ಮಾಯವಾಯಿತು. ಯಾವ ಕೈ ಎಂದು ಕೇಳಲಿಲ್ಲ. ಎದ್ದು ಬಂದೆ.

ಪಕ್ಕದ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಗುಂಡಿನ ಸದ್ದು, ಒಂದು. ತುಂಬ ಹೊತ್ತು ಏನೂ ಇಲ್ಲ. ಎಡಗೈ ಆಗಿದ್ದರೆ ಇಷ್ಟು ತಡ—