ಜಾಕಿಯ ಊಟ

ಪನಾಮಾ ನಗರ

ರೇಸ್‌ಕೋರ್ಸ್ ಗೇಟಿನ ಊಟದಂಗಡಿಯ ಡೋನ್ಯಾ ಎರ್ಮೆಲಿಂಡಾ ಅವರಿಗೆ,

ಜಾಕಿ ನಿಕಾನೋರನ ಹೆಂಡತಿ ಯೂಡೇಲಿಯಾ ಬರೆಯುವುದು. ಓದು ಅರ್ಧಕ್ಕೇ ನಿಂತವಳು, ತಪ್ಪಿದ್ದರೆ ಸರಿಮಾಡಿ ಓದಿಕೊಳ್ಳಿ.

ನಾನು ಅವನಿಗೆ ಕೊಡುವುದು ಬೆಳಿಗ್ಗೆ ಒಂದು ಮೊಟ್ಟೆ, ಮಧ್ಯಾಹ್ನ ಅರ್ಧ ತಟ್ಟೆ ಅನ್ನ, ಮೀನು. ಮೊದಲು ಇಷ್ಟು ತಿಂದೇ ಅವನು ತೂಕ ಇಳಿದಿದ್ದ. ಈಗ ಇಷ್ಟಕ್ಕೇ ಎರಡು ಕಿಲೋ ಏರಿದ್ದಾನೆ. ಇನ್ನೊಂದು ಕಿಲೋ ಏರಿದರೆ ರೇಸಿಗೆ ಕುದುರೆ ಕೊಡುವುದಿಲ್ಲವಂತೆ. ನೀವೇ ಕದ್ದು ಉಣ್ಣಿಸುತ್ತೀರಿ ಅಂದುಕೊಂಡೆ. ದಿನಾ ಅವನ ಅಂಗಿ ಮೂಸಿದೆ. ಎರಡು ವಾರ ಬೆನ್ನಿಗೇ ಅಂಟಿಕೊಂಡಿದ್ದೆ. ಅವನು ನಿಮ್ಮ ಅಂಗಡಿ ಕಡೆ ತಿರುಗಿಯೂ ನೋಡಲಿಲ್ಲ. ಆದರೂ ಏರಿದ.

ಮೊನ್ನೆ ತಲೆಸುತ್ತಿ ಬಿದ್ದ. ಡಾಕ್ಟರು ನನ್ನನ್ನೇ ಬೈದರು. “ವರ್ಷಗಟ್ಟಲೆ ಹಸಿವಲ್ಲಿ ಇಟ್ಟಿದ್ದೀಯಲ್ಲಮ್ಮ. ಮೈ ಸ್ವಲ್ಪದರಲ್ಲೇ ಬದುಕೋದು ಕಲ್ತಿದೆ, ಉಳಿದಿದ್ದನ್ನ ಕೂಡಿಟ್ಕೊಳ್ಳುತ್ತೆ. ಇನ್ನೂ ಕಡಿಮೆ ಮಾಡಿದ್ರೆ ಗಂಡ ಉಳಿಯಲ್ಲ.”

ರೇಸು ಹೋದರೆ ಹೋಗಲಿ. ಆದರೆ ನನ್ನೆದುರು ಅವನಿಗೆ ತುತ್ತು ಇಳಿಯುತ್ತಿಲ್ಲ. “ನಿನ್ನ ಕಣ್ಣೇ ತಕ್ಕಡಿ ಕಣೇ” ಅನ್ನುತ್ತಾನೆ. ಅದಕ್ಕೇ ಕೇಳಿಕೊಳ್ಳುತ್ತೇನೆ, ಸೋಮವಾರದಿಂದ ಅವನಿಗೆ ಬಟ್ಟಲು ತುಂಬ ಕೋಳಿ ಸಾಂಕೋಚೋ ಸಾರು ಕೊಡಿ. ಬೇಡ ಅಂದರೆ ನಾನೇ ಹೇಳಿದೆ ಅನ್ನಿ.

ಅವನು ಉಣ್ಣುವಾಗ ನೀವು ಮಾತ್ರ ಎದುರಿಗೆ ಕೂರಬೇಡಿ.

ಇತಿ,
ಯೂಡೇಲಿಯಾ